ಕೈಗೆ ಬಂದ ಚೀಲ
ಇಂಗ್ಲಿಷಿನ ‘ಸ್ಯಾಕ್’ ಎಂಬುದಕ್ಕೆ ಮೂಲಾರ್ಥ ಚೀಲ. ಸೆಮಿಟಿಕ್ ಭಾಷೆಯೊಂದರಿಂದ ಗ್ರೀಕಿಗೂ ಲ್ಯಾಟಿನ್ನಿಗೂ ಸಾಗಿ ಬಂದ ಈ ಗೋಣಿ ದಾರಿಯಲ್ಲಿ ಏನೇನನ್ನು ತುಂಬಿಕೊಂಡಿತು! ಗೆದ್ದ ಸೈನಿಕರು ಊರನ್ನು ದೋಚಿ ಚೀಲ ತುಂಬಿದರು. ಸೂರೆಗೂ ಅದೇ ಹೆಸರಾಯಿತು. ಅಮೆರಿಕದ ಬೀದಿಮಾತಿನಲ್ಲಿ ಅದು ಹಾಸಿಗೆ. ಷೇಕ್ಸ್‌ಪಿಯರನ ಫಾಲ್‌ಸ್ಟಾಫನು ಮೆಚ್ಚಿ ಕುಡಿಯುವ ‘ಸ್ಯಾಕ್’ ಮಾತ್ರ ಬಿಳಿಯ ಮದ್ಯ, ಚೀಲಕ್ಕೆ ನಂಟಲ್ಲ.

ಆದರೆ ದುಡಿಯುವವನ ಎದೆ ನಡುಗಿಸುವ ಅರ್ಥ ಮತ್ತೊಂದು. ಹಿಂದಿನ ಕಸುಬುಗಾರ ಉಳಿ ಸುತ್ತಿಗೆಗಳನ್ನು ತನ್ನದೇ ಚೀಲದಲ್ಲಿ ತರುತ್ತಿದ್ದನಂತೆ. ಯಜಮಾನನು ಆ ಚೀಲವನ್ನು ಕೈಗಿತ್ತನೆಂದರೆ ಅಲ್ಲಿಯ ಅನ್ನದ ಋಣ ತೀರಿತು. ‘ಸ್ಯಾಕ್ ಸಿಕ್ಕಿತು’ ಎಂಬ ನುಡಿಗೆ ಸಾಮಾನ್ಯವಾಗಿ ಹೇಳುವ ವಿವರಣೆಯಿದು. ಕನ್ನಡದ ‘ಗಂಟುಮೂಟೆ ಕಟ್ಟು’ ಎಂಬುದೂ ಇದರ ದಾಯಾದಿಯೇ ಸರಿ. ಹತಾರಗಳು ಹೋಗಿ ಗುಮಾಸ್ತನ ಕೈಯಲ್ಲಿ ಬರಿಯ ಲೇಖನಿ ಉಳಿದ ಮೇಲೂ ಇಂಗ್ಲಿಷರು ಆ ಬರಿದಾದ ಚೀಲವನ್ನು ಕೊಡುವುದನ್ನು ಬಿಡಲಿಲ್ಲ.