ತಡವಾಗಿ ಹೆಸರು ಪಡೆದ ಹಿರಿಮೀನು

ಕೊಡಗಿಗೆ ಕಡಲಿಲ್ಲ. ಕಡಲಂಚಿನ ಬಂಡೆಯ ಮೇಲೆ ನಿಂತು ತೆರೆಗಳ ನಡುವೆ ಗಾಳವೆಸೆಯುವ ಸುಖ ಕರಾವಳಿಯವರದು. ಆದರೂ ಬಂಡೆ, ನೀರು, ಗಾಳ ಈ ಮೂರೂ ಕೂಡುವ ಎಡೆಗಳಿಗೆ ಇಲ್ಲಿ ಬಡತನವಿಲ್ಲ. ಮಳೆಗಾಲದಲ್ಲಿ ಕೆಂಪೇರಿ ದಡಮೀರಿ ಹರಿದ ಕಾವೇರಿ ಚಳಿಗಾಲ ಕಳೆಯುವ ಹೊತ್ತಿಗೆ ತಿಳಿಯಾಗಿ ಇಳಿಯುತ್ತಾಳೆ. ಆಗ ವಾಲ್ನೂರು, ದುಬಾರೆಗಳ ಆಸುಪಾಸಿನಲ್ಲಿ ಹೊಳೆಯ ನಡುವಿನ ಬಂಡೆಗಳು ಬೆನ್ನು ತೋರುತ್ತವೆ. ಬಂಡೆಯ ಕೆಳಗೊಂದು ಮಡು. ಮಡುವಿನ ತಲೆಯಲ್ಲಿ ಬಿರುಸಾದ ಹರಿವು. ಈ ಎರಡೂ ಸೇರುವ ಅಂಚಿನಲ್ಲಿಯೇ ಗಾಳದವನ ಕಣ್ಣು.

ಅಲ್ಲಿ ಅವನು ಏನನ್ನು ನಿರೀಕ್ಷಿಸಬಹುದು? ಬಾಳೆಮೀನು ಸಿಕ್ಕೀತು, ಹಾವುಮೀನು ಸಿಕ್ಕೀತು. ಆದರೆ ಅವನು ಬಂದದ್ದು ಅವಕ್ಕಾಗಿ ಅಲ್ಲ. ಕಾವೇರಿಯ ದಡದವರು ಬಿಳಿಮೀನೆಂದೂ ಹೊರಗಿನವರು ಮಹಶೀರ್ ಎಂದೂ ಕರೆಯುವ ಹಿರಿಮೀನಿಗಾಗಿ. ದಪ್ಪ ತುಟಿ, ಅಂಗೈಯಗಲದ ಹುರುಪೆ. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿಯ ಚಿಪ್ಪನ್ನು ಪುಡಿಮಾಡುವುದು ಆ ಗಂಟಲೇ. ಏಡಿ, ಚಿಕ್ಕ ಮೀನುಗಳಲ್ಲದೆ ನಮ್ಮ ರಾಗಿಮುದ್ದೆಯೂ ಅದಕ್ಕೆ ಪ್ರಿಯವೆಂಬುದು ಸೋಜಿಗ. ಗಟ್ಟಿಯಾಗಿ ಬೇಯಿಸಿದ ಮುದ್ದೆಯ ಉಂಡೆಯನ್ನು ಗಾಳಕ್ಕೆ ಮೆತ್ತಿ ಕಾಯುವುದು ಕಾವೇರಿಯ ಹಳೆಯ ಪದ್ಧತಿ. ಮೀನು ಕಚ್ಚಿದೊಡನೆ ಹರಿವಿನಲ್ಲಿ ಕೆಳಮುಖವಾಗಿ ಧಾವಿಸುತ್ತದೆ. ಆ ಮೊದಲ ಓಟವನ್ನು ತಾಳಿಕೊಂಡವನಿಗೆ ಮಾತ್ರ ಮುಂದಿನ ಆಟ. ಇಲ್ಲವಾದರೆ ದಾರ ಬಂಡೆಗೆ ಉಜ್ಜಿ ಕಡಿಯುತ್ತದೆ.

ಈ ವಿನೋದ ಬಿಳಿಯರು ತಂದದ್ದೆಂದು ಹಲವರು ನಂಬಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ತೆರೆದರೆ ಆ ನಂಬಿಕೆ ನಿಲ್ಲದು. ಅಲ್ಲಿನ ಮತ್ಸ್ಯವಿನೋದದಲ್ಲಿ ಗಾಳ, ಕೋಲು, ದಾರಗಳ ಲಕ್ಷಣವುಂಟು, ಮೀನುಗಳ ವಿಂಗಡಣೆಯುಂಟು, ಅವಕ್ಕೆ ಯಾವ ಆಹಾರವೊಡ್ಡಬೇಕೆಂಬ ವಿವರವೂ ಉಂಟು. ಇದಾಗಿ ಏಳು ಶತಮಾನಗಳ ಮೇಲೆ, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಭಾರತದ ಗಾಳವಿದ್ಯೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೇ ಬರೆದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಾವೇರಿಯ ಜಲಸೀಮೆಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗುವ ಮಹಶೀರನ್ನು ಹಿಡಿದರು. ಗಾಳದವರ ಲೋಕ ಇಂದಿಗೂ ಆ ಮೀನನ್ನು ಮರೆತಿಲ್ಲ.

ವಿಚಿತ್ರವೇನೆಂದರೆ, ಇಷ್ಟು ಕೀರ್ತಿ ಪಡೆದ ಈ ಗೂನುಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ನಿಶ್ಚಿತವಾದ ಹೆಸರೇ ಇರಲಿಲ್ಲ. ಕಾವೇರಿಯ ಪಾಂಬಾರ್ ಉಪನದಿಯ ಮೀನೊಂದಕ್ಕೆ ‘ಟೋರ್ ರೆಮಾದೇವಿ’ ಎಂದು ಮೊದಲೇ ನಾಮಕರಣವಾಗಿತ್ತು. ಗೂನುಬೆನ್ನಿನ ದೈತ್ಯನೂ ಅದೇ ಜಾತಿಯದೆಂದು ವಿದ್ವಾಂಸರು ಸಿದ್ಧಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ಹೆಸರೂ ಮರಣಭಯವೂ ಒಂದೇ ವರ್ಷ ಕೈಸೇರಿದವು!

ಹೆಸರಿಲ್ಲದಿದ್ದರೆ ನಷ್ಟವೇನು? ಭಾಷೆಯ ವಿದ್ಯಾರ್ಥಿಗಳಿಗೆ ಇದರ ಉತ್ತರ ಹೊಸದಲ್ಲ: ಬೇರೆಯೆಂದು ಹೆಸರಿಸದ ವಸ್ತುವನ್ನು ಬೇರೆಯೆಂದು ಕಾಣುವುದೂ ಇಲ್ಲ. ಮಹಶೀರಿನ ಸಂತತಿ ಉಳಿಸುವ ಸದುದ್ದೇಶದಿಂದಲೇ ಮಹಾರಾಷ್ಟ್ರದ ಲೋನಾವಳದಲ್ಲಿ ನೀಲಿ ಈಜುರೆಕ್ಕೆಯ ಇನ್ನೊಂದು ಜಾತಿಯನ್ನು ಸಾಕಿ, ಅದರ ಮರಿಗಳನ್ನು ಅನೇಕ ಹೊಳೆಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಎಲ್ಲವೂ ಮಹಶೀರೇ ಅಲ್ಲವೆ ಎಂಬ ಭಾವನೆ. ಕೆಳಕಾವೇರಿಯ ಗಾಳದ ಶಿಬಿರಗಳಲ್ಲಿ ಮೀನನ್ನು ತೂಗಿ, ಬರೆದು, ಮತ್ತೆ ನೀರಿಗೆ ಬಿಡುವ ರೂಢಿಯಿತ್ತು. ಅಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ನಿಜವನ್ನು ಹೊರಗೆಡವಿತು: ನೀಲಿ ರೆಕ್ಕೆಯವು ಹೆಚ್ಚುತ್ತಿದ್ದವು, ಕಿತ್ತಳೆಗೆಂಪು ರೆಕ್ಕೆಯ ಗೂನುಬೆನ್ನಿನವು ಅಪರೂಪವಾಗುತ್ತಿದ್ದವು, ಸಿಕ್ಕವುಗಳೂ ಬಹುಪಾಲು ಮುದಿಮೀನುಗಳು. ಮನೆಯಲ್ಲಿ ಅಜ್ಜಂದಿರಿದ್ದರು, ಮೊಮ್ಮಕ್ಕಳಿರಲಿಲ್ಲ.

ಹೊರಗಿನಿಂದ ಬಂದ ಮೀನೊಂದರ ಮೇಲೆಯೇ ತಪ್ಪು ಹೊರಿಸುವುದು ನ್ಯಾಯವಲ್ಲ. ಮಳೆಗಾಲದಲ್ಲಿ ಹರಿವಿಗೆದುರಾಗಿ ಮೇಲೇರಿ ಮೊಟ್ಟೆಯಿಡುವ ಈ ಜಾತಿಗೆ ಅಣೆಕಟ್ಟುಗಳು ದಾರಿ ಮುಚ್ಚಿದವು. ಮೊಟ್ಟೆ ನಿಲ್ಲಬೇಕಾದ ಜಲ್ಲಿ, ಮರಳುಗಳನ್ನು ಮನುಷ್ಯ ಬಾಚಿದ. ತೋಟೆ ಸಿಡಿಸುವವನು, ಮಡುವಿಗೆ ವಿಷ ಬೆರೆಸುವವನು ಮರಿ ಮುದುಕ ನೋಡುವುದಿಲ್ಲ. ವನ್ಯಧಾಮಗಳಲ್ಲಿ ಗಾಳವೂ ಬೇಟೆಯೇ ಎಂದು ಕಾನೂನು ಹೇಳಿತು. ಕೆಳಕಾವೇರಿಯ ಶಿಬಿರಗಳಲ್ಲಿ ಗಾಳ ನಿಂತಿತು. ನಿಷೇಧದ ಧರ್ಮ ಒಪ್ಪತಕ್ಕದ್ದೇ. ಆದರೆ ಗಾಳದೊಡನೆ ಲೆಕ್ಕದ ಪುಸ್ತಕವೂ ಮುಚ್ಚಿತು, ದಡದ ಮೇಲಿನ ಕಾವಲು ಕಣ್ಣುಗಳೂ ಕಡಿಮೆಯಾದವು ಎಂಬ ಗಾಳದವರ ಮಾತನ್ನು ತಳ್ಳಿಹಾಕುವಂತಿಲ್ಲ.

ಮೀನನ್ನು ಕಾಯುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ಕಾವೇರಿ ಕೊಡಗಿನ ಗಡಿ ದಾಟಿದ ಮೇಲೆ ಸಿಗುವ ರಾಮನಾಥಪುರದಲ್ಲಿ, ತುಂಗೆಯ ಶೃಂಗೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂಬ ಒಂದೇ ಮಾತು ಬಲೆಯನ್ನೂ ಗಾಳವನ್ನೂ ದೂರವಿಟ್ಟಿದೆ. ಅಲ್ಲಿ ರಕ್ಷೆ ಹೆಸರಿನಿಂದಲೇ ದೊರೆಯಿತು. ಕಾವೇರಿಯ ಹಿರಿಮೀನಿಗೂ ಈಗ ಹೆಸರಿದೆ. ಬಂಡೆಯ ಮೇಲೆ ನಿಲ್ಲುವವನು ನೀಲಿ ರೆಕ್ಕೆ ಯಾವುದು, ಕೆಂಪು ರೆಕ್ಕೆ ಯಾವುದು ಎಂದು ಗುರುತಿಸಲು ಮೊದಲು ಕಲಿಯಲಿ. ಯಾವುದನ್ನು ಕಳೆದುಕೊಳ್ಳುತ್ತಿದ್ದೇವೆಂದು ತಿಳಿದ ನಾಡು ಅದನ್ನು ಉಳಿಸಿಕೊಂಡೀತು. ತಿಳಿಯದ ನಾಡು ಕಳೆದುಕೊಂಡದ್ದನ್ನೂ ಅರಿಯದು.