ಬಾದಾಮಿಯ ಅಂತಃಕಲಹವೂ ನೆರೆರಾಜ್ಯಗಳೂ

ಬಾಗಲಕೋಟೆಯ ಕಡೆಗೆ ಪ್ರವಾಸ ಹೋದ ಶ್ರೋತೃಗಳು ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುತಿ ಜಿನಾಲಯವನ್ನು ನೋಡಿರಬಹುದು. ಅದರ ಗೋಡೆಯಲ್ಲಿ ಕ್ರಿ. ಶ. 634ರ ರವಿಕೀರ್ತಿಯ ಶಾಸನವಿರುವುದು. ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದ ವಾರ್ತೆಗಾಗಿಯೇ ನಾವು ಅದನ್ನು ಓದುವುದು ವಾಡಿಕೆ. ಪ್ರಬಲ ರಾಜ್ಯದ ಮನೆಜಗಳವು ಗಡಿಯಾಚೆಯವರನ್ನು ಹೇಗೆ ಎಬ್ಬಿಸುವುದೆಂಬುದೂ ಅದರಲ್ಲಿಯೇ ಇದೆ.

ಒಂದನೆಯ ಕೀರ್ತಿವರ್ಮನು ಗತಿಸಿದ ಮೇಲೆ ಅವನ ತಮ್ಮ ಮಂಗಲೇಶನು ಪಟ್ಟವೇರಿದನು. ಈತನನ್ನು ಬರಿಯ ದ್ರೋಹಿಯೆಂದೆಣಿಸುವುದು ನಮಗೆ ಸರಿಯೆಂದು ತೋರುವುದಿಲ್ಲ. 578ರಲ್ಲಿ ಬಾದಾಮಿಯ ಮೂರನೆಯ ಗುಹೆಯಲ್ಲಿ ವಿಷ್ಣುವನ್ನು ಪ್ರತಿಷ್ಠಿಸಿ, ಅದರ ಪುಣ್ಯವನ್ನು ಅಣ್ಣನಿಗೇ ಅರ್ಪಿಸಿದವನೀತನು. ಕಲಚುರಿ ಬುದ್ಧರಾಜನನ್ನು ಗೆದ್ದವನು. ಅಂಥವನೂ ಕಡೆಗೆ ಅಣ್ಣನ ಮಗನನ್ನು ಬಿಟ್ಟು ತನ್ನ ಮಗನಿಗೆ ರಾಜ್ಯವನ್ನುಳಿಸಲು ಹವಣಿಸಿದನು. ಪುಲಕೇಶಿಯು ಹೊರಗೆ ಹೋಗಿ ಬಲಗೂಡಿಸಿಕೊಂಡು ಹಿಂದಿರುಗಿದನು. ಸುಮಾರು 610ರಲ್ಲಿ ಚಿಕ್ಕಪ್ಪನು ರಾಜ್ಯದೊಡನೆ ಪ್ರಾಣವನ್ನೂ ಕಳೆದುಕೊಂಡನು.

ಆಗ ಜಗತ್ತೇ ಹಗೆಗಳೆಂಬ ಕತ್ತಲೆಯಿಂದ ಮುಸುಕಿತೆಂದು ರವಿಕೀರ್ತಿ ಹೇಳುತ್ತಾನೆ. ಆಸ್ಥಾನಕವಿಯೇ ಇಷ್ಟನ್ನು ಒಪ್ಪಿದರೆ ನಿಜಸ್ಥಿತಿ ಇನ್ನೆಂತಿದ್ದಿತೋ! ಇದೇ ಸಮಯವೆಂದು ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಆನೆಗಳ ಪಡೆಯೊಡನೆ ಭೀಮಾನದಿಯ ಪ್ರಾಂತಕ್ಕೆ ಏರಿಬಂದರು. ಪುಲಕೇಶಿಯು ಒಬ್ಬನನ್ನು ಬೆದರಿಸಿ ಅಟ್ಟಿದನು, ಇನ್ನೊಬ್ಬನನ್ನು ಒಲಿಸಿಕೊಂಡನು. ಬನವಾಸಿ, ಗಂಗರು, ಆಳುಪರು, ಕೊಂಕಣದ ಮೌರ್ಯರು ಎಲ್ಲರೂ ಅಂಕೆಗೆ ಬಂದ ಮೇಲೆಯೇ ಹರ್ಷನನ್ನು ಎದುರಿಸುವ ಬಲವು ಅವನಿಗೊದಗಿತು. ತಮ್ಮ ಕುಬ್ಜವಿಷ್ಣುವರ್ಧನನನ್ನು ಅವನು ವೆಂಗಿಗೆ ಕಳುಹಿದನು. ಒಂದು ಸಿಂಹಾಸನಕ್ಕೆ ಇಬ್ಬರು ಹಕ್ಕುದಾರರಾಗುವುದು ಇದರಿಂದ ತಪ್ಪಿತು. ಆದರೆ ವೆಂಗಿಯೂ ಬೇರೆಯ ರಾಜ್ಯವೇ ಆಗಿ ನಾಲ್ಕು ಶತಮಾನಗಳಿಗೂ ಮಿಕ್ಕಿ ನಿಂತಿತು.

ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನೇ ಹಿಡಿದನು. ಮುಂದೆ ಸುಮಾರು ಹದಿಮೂರು ವರ್ಷ ಚಾಲುಕ್ಯ ರಾಜ್ಯಕ್ಕೆ ನೆಲೆಯಾದ ಒಡೆಯನಿರಲಿಲ್ಲ. ಇದರ ಫಲವು ಕಡಲಾಚೆಗೂ ಮುಟ್ಟಿತೆಂದು ನಾವು ಭಾವಿಸುತ್ತೇವೆ. ಕಂಚಿಯಲ್ಲಿ ಆಶ್ರಯ ಪಡೆದಿದ್ದ ಸಿಂಹಳದ ರಾಜಪುತ್ರ ಮಾನವಮ್ಮನು ಪಲ್ಲವನ ಪಕ್ಷದಲ್ಲಿ ವಲ್ಲಭನ ಮೇಲೆ, ಎಂದರೆ ಚಾಲುಕ್ಯನ ಮೇಲೆ, ಹೋರಾಡಿದನೆಂದು ಲಂಕೆಯ ಇತಿಹಾಸಗ್ರಂಥವು ತಿಳಿಸುತ್ತದೆ. ಉತ್ತರದ ಭಯ ನೀಗಿದ ಕಂಚಿಯು ಅವನಿಗೆ ಸೈನ್ಯವನ್ನು ಕೊಡಬಲ್ಲುದಾಯಿತು. ಪಲ್ಲವರ ನೆರವಿನಿಂದಲೇ ಅವನು ಕಡೆಗೆ ಲಂಕೆಯ ಅರಸನಾದನು.

655ರ ಸುಮಾರಿಗೆ ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮತ್ತೆ ಒಂದುಗೂಡಿಸಿದನು. ಮೂವರು ಅರಸರಿಂದ ಮರೆಯಾಗಿದ್ದ ತಂದೆಯ ಲಕ್ಷ್ಮಿಯನ್ನು ತಾನು ಮರಳಿ ತಂದೆನೆಂಬುದು ಅವನ ಶಾಸನಗಳ ಹೆಮ್ಮೆ. ಪಲ್ಲವನು ಬಾದಾಮಿಯ ಬಂಡೆಯಲ್ಲಿ ಕೆತ್ತಿಸಿದ ಬರಹವು ಮಾತ್ರ, ಬಹಳ ಸವೆದು, ಇಂದಿಗೂ ಅಲ್ಲಿಯೇ ಇದೆ.