ಎಂ.ಕಾಂ. ಆಯ್ತು, ಪಿಎಚ್‌ಡಿಗೆ ಅರ್ಜಿ ಹಾಕೋದು ಹೇಗೆ?

ಎಂ.ಕಾಂ., ಎಂಬಿಎ ಮುಗಿಸಿದ ನಮ್ಮ ಹುಡುಗರು ‘ಪಿಎಚ್‌ಡಿಗೆ ದುಡ್ಡೆಲ್ಲಿದೆ?’ ಎಂದು ಅಂಗಡಿಗೋ ಗಲ್ಫಿಗೋ ಹೊರಡುತ್ತಾರೆ. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ 2022-23ರಿಂದ ನಿಂತಿರುವುದೂ ನಿಜ. ಈಗ ಉಳಿದಿರುವ ದೊಡ್ಡ ದಾರಿ ಯುಜಿಸಿ-ನೆಟ್.

ಇದಕ್ಕೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಕೆನೆಪದರಕ್ಕೆ ಸೇರದ ಒಬಿಸಿಯವರಿಗೆ ಶೇ. 50 ಸಾಕು. ಆದರೆ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು, ಮೊದಲೇ ಮಾಡಿಸಿಡಿ.

ಜೆಆರ್‌ಎಫ್ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ. ಬರುತ್ತದೆ. ‘ಪಿಎಚ್‌ಡಿ ಮಾತ್ರ’ ಎಂಬ ಅರ್ಹತೆ ಬಂದರೆ ಈ ಹಣ ಇಲ್ಲ, ಅದರ ಅಂಕವೂ ಪ್ರವೇಶಕ್ಕೆ ಒಂದೇ ವರ್ಷ ನಡೆಯುತ್ತದೆ. ಅಲ್ಲಿ ನೆಟ್‌ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30.

ನೆಟ್ ಪಾಸಾದ ಕೂಡಲೇ ಸೀಟು ಸಿಗೋದಿಲ್ಲ. ಪೆರಿಯದ ಕೇರಳ ಕೇಂದ್ರೀಯ ವಿವಿ ಇರಲಿ, ಮಂಗಳೂರು ವಿವಿ ಇರಲಿ, ಅಧಿಸೂಚನೆ ನೋಡಿ ಬೇರೆಯೇ ಅರ್ಜಿ ಹಾಕಬೇಕು.

ಸಂದರ್ಶನದಲ್ಲಿ ಕೇಳುವುದು ಸಂಶೋಧನೆಯ ವಿಷಯ. ‘ಭಾರತದ ವ್ಯಾಪಾರ’ ಎಂದರೆ ಸಾಲದು. ‘ಯುಪಿಐ ಬಂದ ಮೇಲೆ ಕಾಸರಗೋಡಿನ ಸಣ್ಣ ಅಂಗಡಿಗಳ ಉದ್ರಿ ಲೆಕ್ಕ ಏನಾಯ್ತು?’ ಎಂಬಂಥ ಅಳೆಯಬಹುದಾದ ಪ್ರಶ್ನೆ ಬೇಕು. ಗಲ್ಲಾಪೆಟ್ಟಿಗೆ ಮುಂದೆ ಕೂತು ಬೆಳೆದವರಿಗೆ ಇಂಥ ಪ್ರಶ್ನೆಗಳಿಗೇನೂ ಬರವಿಲ್ಲ.